ಡ್ರೈಯರ್ ಕೊಳ್ಳುವ ಮೊದಲು ಒದ್ದೆ ಬಟ್ಟೆ ತೂಗಿದೆ

ಅಮ್ಮನ ಕೋಣೆಯಲ್ಲಿ, ಕಿಟಕಿ ಪಕ್ಕದ ಮೂಲೆ ಗೋಡೆಯ ಮೇಲೆ, ಸಣ್ಣ ಸಣ್ಣ ಕಪ್ಪು ಚುಕ್ಕಿಗಳು ಕಾಣಿಸಿಕೊಂಡವು. ಎಲ್ಲೋ ನೀರು ಸೋರುತ್ತಿರಬೇಕು ಅಂದುಕೊಂಡೆವು. ಆದರೆ ಆ ಗೋಡೆಯಲ್ಲಿ ಪೈಪ್ ಇರಲಿಲ್ಲ, ಚಾವಣಿಯೂ ಚೆನ್ನಾಗಿತ್ತು. ಒರೆಸಿದರೆ ಹೋಗುತ್ತಿತ್ತು. ಎರಡು ವಾರ ಕಳೆದರೆ ಅದೇ ಜಾಗದಲ್ಲಿ ಮತ್ತೆ ಬರುತ್ತಿತ್ತು. ಅದು ಬೂಷ್ಟು. ಅಮ್ಮನಿಗೆ ಮೊದಲೇ ಉಬ್ಬಸ. ಆ ತಿಂಗಳು ಅವರು ರಾತ್ರಿ ಎದ್ದು ಕೂರುವುದು ಜಾಸ್ತಿಯಾಯಿತು.

"ಆ ಬಟ್ಟೆ ಸ್ಟ್ಯಾಂಡ್ ಇಲ್ಲಿಂದ ತೆಗೆದುಬಿಡು ಮಗಾ, ರಾತ್ರಿಯೆಲ್ಲ ಮುಗ್ಗಲು ವಾಸನೆ" ಎಂದರು ಅಮ್ಮ.

ಮನೆಯಲ್ಲಿ ಬಟ್ಟೆ ಹರವಲು ಜಾಗ ಇರುವುದು ಅದೊಂದೇ ಕೋಣೆಯಲ್ಲಿ. ಬಿಸಿಲಿದ್ದರೆ ಹೊರಗೆ ಹಾಕುತ್ತೇವೆ. ಮಳೆ ಹಿಡಿದರೆ, ಚಳಿ ಬಿದ್ದರೆ, ವಾರಗಟ್ಟಲೆ ಬಟ್ಟೆ ಒಳಗೇ ಒಣಗಬೇಕು. ಸ್ಟ್ಯಾಂಡ್ ತೆಗೆದು ಎಲ್ಲಿ ಇಡುವುದು ಅಂತ ಯೋಚಿಸುತ್ತಿದ್ದಾಗ ಒಂದು ಪ್ರಶ್ನೆ ಬಂತು. ಈ ಬಟ್ಟೆಗಳಿಂದ ನಿಜಕ್ಕೂ ಎಷ್ಟು ನೀರು ಆ ಕೋಣೆಗೆ ಹೋಗುತ್ತಿದೆ?

ಪ್ರಯಾಣದ ಪೆಟ್ಟಿಗೆ ತೂಗುವ ಒಂದು ಕೊಕ್ಕೆ ತಕ್ಕಡಿ ಮನೆಯಲ್ಲಿತ್ತು. ಒಗೆಯುವ ಮೊದಲು ಒಣ ಬಟ್ಟೆಯನ್ನು ಚೀಲಕ್ಕೆ ತುಂಬಿ ತೂಗಿದೆ. 5 ಕಿಲೋ. ವಾಷಿಂಗ್ ಮಷಿನ್‌ನಿಂದ ತೆಗೆದ ಕೂಡಲೇ ಅದೇ ಬಟ್ಟೆಯನ್ನು ಮತ್ತೆ ತೂಗಿದೆ. 8.4 ಕಿಲೋ. ಅಂದರೆ 3.4 ಕಿಲೋ ನೀರು. ವಾರಕ್ಕೆ ಮೂರು ಸಲ ಒಗೆಯುತ್ತೇವೆ. ವಾರಕ್ಕೆ ಹತ್ತು ಲೀಟರ್ ನೀರನ್ನು ನಾವೇ ಅಮ್ಮನ ಕೋಣೆಯ ಗಾಳಿಗೆ ಬಿಡುತ್ತಿದ್ದೆವು! ಆ ಗಾಳಿ ತಣ್ಣನೆಯ ಮೂಲೆಗೆ ತಾಗಿ ಗೋಡೆ ತೇವವಾಗುತ್ತಿತ್ತು. ಸೋರಿಕೆ ಹುಡುಕಿ ಹುಡುಕಿ ಸಾಕಾಗಿದ್ದ ನನಗೆ ಉತ್ತರ ತಕ್ಕಡಿಯಲ್ಲಿ ಸಿಕ್ಕಿತು.

ಆವತ್ತೇ ಟಂಬಲ್ ಡ್ರೈಯರ್, ಅಂದರೆ ಬಟ್ಟೆಯನ್ನು ಡ್ರಮ್‌ನಲ್ಲಿ ಸುತ್ತಿಸಿ ಬಿಸಿ ಗಾಳಿಯಲ್ಲಿ ಒಣಗಿಸುವ ಯಂತ್ರ, ತರುವುದು ಅಂತ ತೀರ್ಮಾನವಾಯಿತು. ಆದರೆ ಡ್ರೈಯರ್ ಅಂದರೆ ಕರೆಂಟ್ ನುಂಗುವ ಯಂತ್ರ ಎನ್ನುವ ಭಯ ನಮ್ಮೆಲ್ಲರಿಗೂ ಇತ್ತು. ಆ ಭಯ ಸುಮ್ನೆ ಅಲ್ಲ. ಅಕ್ಕನ ಮನೆಯಲ್ಲಿ ಹಳೆಯ ಡ್ರೈಯರ್ ಒಂದಿದೆ. ಬಿಸಿ ಗಾಳಿಯನ್ನು ದಪ್ಪ ಕೊಳವೆಯಲ್ಲಿ ಗೋಡೆಯಾಚೆ ಊದುವ ಜಾತಿಯದು. ಪ್ಲಗ್‌ಗೆ ಸಿಕ್ಕಿಸಿ ಯೂನಿಟ್ ಅಳೆಯುವ ಮೀಟರ್ ಒಂದನ್ನು ತಂದು, ನಮ್ಮ ಒದ್ದೆ ಬಟ್ಟೆಯ ಚೀಲ ಹೊತ್ತುಕೊಂಡು ಅಕ್ಕನ ಮನೆಗೇ ಹೋದೆ.

"ಏನೇ ಇದು, ಒಗೆದ ಬಟ್ಟೆ ತಂದಿದ್ದೀಯ?" ಅಂತ ಅಕ್ಕ ಬಾಗಿಲಲ್ಲೇ ಕೇಳಿದಳು.

ಬಟ್ಟೆ ಪೂರ್ತಿ ಒಣಗುವ ಹೊತ್ತಿಗೆ ಮೀಟರ್ 3.3 ಯೂನಿಟ್ ತೋರಿಸಿತು. 3.4 ಕಿಲೋ ನೀರಿಗೆ 3.3 ಯೂನಿಟ್. ಲೆಕ್ಕ ನೆನಪಿಡಲು ಸುಲಭ: ಕಿಲೋ ನೀರಿಗೆ ಹೆಚ್ಚುಕಡಿಮೆ ಒಂದು ಯೂನಿಟ್. ಮುಂದಿನ ಎರಡು ತಿಂಗಳು ನಾನು ನೋಡಿದ ಪ್ರತಿ ಯಂತ್ರವನ್ನೂ ಈ ಅಳತೆಗೋಲಿನಲ್ಲೇ ಅಳೆದೆ.

ಆ ಒಂದು ಯೂನಿಟ್ ಎಲ್ಲಿಗೆ ಹೋಗುತ್ತದೆ ಅಂತ ಸ್ವಲ್ಪ ಹೇಳಬೇಕು, ಏಕೆಂದರೆ ಇಡೀ ಆಯ್ಕೆ ನಿಂತಿರುವುದು ಅದರ ಮೇಲೆ. ನೀರು ಬಿಸಿಯಾಗಲು ಬೇಕಾದ ಶಾಖ ಕಡಿಮೆ. ಆವಿಯಾಗಲು ಬೇಕಾದ ಶಾಖ ತುಂಬಾ ಜಾಸ್ತಿ. 20 ಡಿಗ್ರಿಯ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಎಷ್ಟು ಶಾಖ ಬೇಕೋ, ಕುದಿಯುವ ಅದೇ ನೀರು ಪೂರ್ತಿ ಆವಿಯಾಗಲು ಅದರ ಸುಮಾರು ಏಳು ಪಟ್ಟು ಬೇಕು. ಒಂದು ಕಿಲೋ ನೀರು ಬಟ್ಟೆಯಿಂದ ಆವಿಯಾಗಿ ಹೋಗಲು ಸುಮಾರು 0.67 ಯೂನಿಟ್ ಬೇಕೇ ಬೇಕು. ಹೀಟರ್ ಎಷ್ಟೇ ಒಳ್ಳೆಯದಿರಲಿ, ಇದನ್ನು ತಪ್ಪಿಸಲಾಗದು. ಉಳಿದದ್ದು ಡ್ರಮ್ ಬಿಸಿಯಾಗಲು, ಬಟ್ಟೆ ಬಿಸಿಯಾಗಲು, ಸುಮ್ನೆ ಹೊರಗೆ ಹೋಗುವ ಬಿಸಿ ಗಾಳಿಗೆ.

ಹಾಗಾದರೆ ಕಿಲೋಗೆ 0.67ಕ್ಕಿಂತ ಕಡಿಮೆಯಲ್ಲಿ ಒಣಗಿಸುವ ಯಂತ್ರ ಇರಲು ಸಾಧ್ಯವೇ ಇಲ್ಲ ಅಲ್ವಾ? ನನಗೂ ಹಾಗೇ ಅನ್ನಿಸಿತ್ತು. ಆದರೆ ಹೀಟ್ ಪಂಪ್ ಡ್ರೈಯರ್ ಅನ್ನುವ ಇನ್ನೊಂದು ಜಾತಿಯ ಯಂತ್ರಗಳ ವಿವರ ನೋಡಿದರೆ 0.3, 0.4 ಅಂತ ಲೆಕ್ಕ ಬರುತ್ತಿತ್ತು. ಇದು ಜಾಹೀರಾತಿನ ಮಾತೇ ಇರಬೇಕು ಅಂತ ಒಂದೆರಡು ದಿನ ನಂಬಲೇ ಇಲ್ಲ.

ಆಮೇಲೆ ಅರ್ಥವಾಯಿತು. ಬಿಸಿನೀರು ತಾಗುವುದಕ್ಕಿಂತ ಹಬೆ ತಾಗಿದರೆ ಕೈ ಜಾಸ್ತಿ ಸುಡುತ್ತದೆ. ಯಾಕೆ ಅಂದರೆ ಹಬೆ ಮತ್ತೆ ನೀರಾಗುವಾಗ, ತಾನು ಆವಿಯಾಗಲು ತೆಗೆದುಕೊಂಡಿದ್ದ ಶಾಖವನ್ನೆಲ್ಲ ವಾಪಸ್ ಕೊಡುತ್ತದೆ. ಅಕ್ಕನ ಡ್ರೈಯರ್ ಆ ಶಾಖವನ್ನು ಕೊಳವೆಯಲ್ಲಿ ಹೊರಗೆ ಊದಿಬಿಡುತ್ತದೆ. ಜೊತೆಗೆ ಮನೆಯೊಳಗಿನ ಬೆಚ್ಚಗಿನ ಗಾಳಿಯನ್ನೂ ಎಳೆದು ಹೊರಗೆ ಹಾಕುತ್ತದೆ. ಸಾಮಾನ್ಯ ಕಂಡೆನ್ಸರ್ ಡ್ರೈಯರ್ ಕೊಳವೆ ಇಲ್ಲದೆ, ಆವಿಯನ್ನು ಒಳಗೇ ತಣಿಸಿ ನೀರು ಮಾಡಿ ತೊಟ್ಟಿಗೆ ಬಿಡುತ್ತದೆ. ಆದರೆ ಆಗ ಸಿಗುವ ಶಾಖ ಕೋಣೆಗೆ ಹೋಗುತ್ತದೆ, ಬಟ್ಟೆಗೆ ವಾಪಸ್ ಹೋಗುವುದಿಲ್ಲ. ಹಾಗಾಗಿ ಅದರ ಕರೆಂಟ್ ಖರ್ಚು ಕೊಳವೆಯ ಡ್ರೈಯರ್‌ನಷ್ಟೇ.

ಹೀಟ್ ಪಂಪ್ ಡ್ರೈಯರ್ ಆ ಶಾಖವನ್ನು ಹಿಡಿದು ವಾಪಸ್ ತರುತ್ತದೆ. ಒಳಗೆ ಫ್ರಿಜ್‌ನಲ್ಲಿರುವಂಥದ್ದೇ ಒಂದು ಕಂಪ್ರೆಸರ್ ಇರುತ್ತದೆ. ಡ್ರಮ್‌ನಿಂದ ಬರುವ ತೇವದ ಗಾಳಿ ಮೊದಲು ತಣ್ಣನೆಯ ಸುರುಳಿಯನ್ನು ತಾಗುತ್ತದೆ. ಆವಿ ಅಲ್ಲಿ ನೀರಾಗಿ ಇಳಿಯುತ್ತದೆ, ಅದರ ಶಾಖವನ್ನು ಸುರುಳಿಯೊಳಗಿನ ಅನಿಲ ಹೀರಿಕೊಳ್ಳುತ್ತದೆ. ಕಂಪ್ರೆಸರ್ ಆ ಅನಿಲವನ್ನು ಒತ್ತಿ ಇನ್ನೂ ಬಿಸಿ ಮಾಡಿ ಎರಡನೇ ಸುರುಳಿಗೆ ಕಳಿಸುತ್ತದೆ. ಈಗ ಒಣಗಿದ ಅದೇ ಗಾಳಿ ಆ ಬಿಸಿ ಸುರುಳಿಯನ್ನು ದಾಟಿ ಮತ್ತೆ ಡ್ರಮ್‌ಗೆ ಹೋಗುತ್ತದೆ. ಅದೇ ಗಾಳಿ, ಅದೇ ಶಾಖ, ಸುತ್ತುತ್ತಲೇ ಇರುತ್ತದೆ. ಕರೆಂಟ್ ಬೇಕಾಗುವುದು ಶಾಖ ಹುಟ್ಟಿಸಲು ಅಲ್ಲ, ಇರುವ ಶಾಖವನ್ನು ಸಾಗಿಸಲು. ಇದು ತಲೆಗೆ ಹೊಕ್ಕ ದಿನ ಊಟದ ಹೊತ್ತಿನಲ್ಲಿ ಎಲ್ಲರಿಗೂ ವಿವರಿಸಿದೆ. ಅಮ್ಮ ಶಾಂತವಾಗಿ ಕೇಳಿಸಿಕೊಂಡು, "ಹಾಗಿದ್ದರೆ ಅದನ್ನೇ ತಗೋ" ಎಂದರು.

ಇದೇನೂ ನಿನ್ನೆ ಮೊನ್ನೆ ಬಂದ ತಂತ್ರ ಅಲ್ಲ. ಸ್ವಿಟ್ಜರ್ಲೆಂಡ್ 2012ರಲ್ಲೇ ಹೊಸ ಡ್ರೈಯರ್‌ಗಳಿಗೆ ಎಷ್ಟು ಬಿಗಿ ಮಿತಿ ಹಾಕಿತು ಅಂದರೆ ಹೀಟ್ ಪಂಪ್ ಜಾತಿಯವು ಮಾತ್ರ ಅದನ್ನು ದಾಟಬಲ್ಲವು. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜುಲೈ 1ರಿಂದ ಅದೇ ಸ್ಥಿತಿ.

ಜಾತಿ ತೀರ್ಮಾನವಾದರೂ ಯಾವ ಯಂತ್ರ ಅನ್ನುವುದು ಇನ್ನೂ ಬಾಕಿ. ಇಲ್ಲಿ ಯುರೋಪಿನ ಎನರ್ಜಿ ಲೇಬಲ್, ಅಂದರೆ ಯಂತ್ರ ಎಷ್ಟು ಕರೆಂಟ್ ತಿನ್ನುತ್ತದೆ ಅಂತ ತೋರಿಸುವ ಚೀಟಿ, ನನಗೆ ತುಂಬಾ ಸಹಾಯ ಮಾಡಿತು, ಸ್ವಲ್ಪ ಗೊಂದಲವನ್ನೂ ಮಾಡಿತು. ಗೊಂದಲ ಯಾಕೆ ಅಂದರೆ ಲೇಬಲ್ ಎರಡು ಥರ ಇವೆ. 2013ರಿಂದ ನಡೆದು ಬಂದದ್ದು ಎ+++ ಇಂದ ಡಿ ವರೆಗೆ. 2025ರ ಜುಲೈನಿಂದ ಬಂದದ್ದು ಎ ಇಂದ ಜಿ ವರೆಗೆ, ಪ್ಲಸ್‌ಗಳೇ ಇಲ್ಲ. ಹೊಸ ಅಳತೆ ಹೆಚ್ಚು ಬಿಗಿ. ಹಳೆಯ ಎ+++ ಯಂತ್ರ ಹೊಸ ಲೇಬಲ್‌ನಲ್ಲಿ ಎ ಆಗಿರಬೇಕೆಂದಿಲ್ಲ. ಒಂದರ ಮೇಲೆ ಹಳೆಯ ಲೇಬಲ್, ಇನ್ನೊಂದರ ಮೇಲೆ ಹೊಸದು ಇದ್ದರೆ ಅಕ್ಷರ ನೋಡಿ ಹೋಲಿಸಲೇಬಾರದು.

ಅಕ್ಷರ ಬಿಟ್ಟು ಅಂಕಿ ನೋಡಬೇಕು. ಹಳೆಯ ಲೇಬಲ್‌ನಲ್ಲಿ ವರ್ಷದ ಯೂನಿಟ್ ಬರೆದಿರುತ್ತಾರೆ, ಅದು 160 ಸಲ ಒಣಗಿಸಿದ ಲೆಕ್ಕ. ಹೊಸದರಲ್ಲಿ 100 ಸಲಕ್ಕೆ ಎಷ್ಟು ಯೂನಿಟ್ ಅಂತ ಇರುತ್ತದೆ. ಎರಡನ್ನೂ ಭಾಗಿಸಿ ಒಂದು ಸಲಕ್ಕೆ ತಂದುಕೊಂಡೆ. 8 ಕಿಲೋ ಹಿಡಿಯುವ ಹಳೆಯ ಲೇಬಲ್‌ನ ಬಿ ದರ್ಜೆ ಕಂಡೆನ್ಸರ್ ಯಂತ್ರಕ್ಕೆ ವರ್ಷಕ್ಕೆ ಸುಮಾರು 560 ಯೂನಿಟ್ ಇತ್ತು. ಎ++ ಹೀಟ್ ಪಂಪ್‌ಗೆ 235ರ ಆಸುಪಾಸು, ಎ+++ಗೆ 176ರ ಆಸುಪಾಸು. ಒಂದು ಸಲಕ್ಕೆ 3.5, 1.5, 1.1. ಕಂಡೆನ್ಸರ್‌ಗೂ ಹೀಟ್ ಪಂಪ್‌ಗೂ ನಡುವಿನ ಅಂತರ ದೊಡ್ಡದು. ಎರಡು ಹೀಟ್ ಪಂಪ್‌ಗಳ ನಡುವಿನ ಅಂತರ ಚಿಕ್ಕದು. ಮೊದಲ ಅಂತರಕ್ಕೆ ಜಾಸ್ತಿ ದುಡ್ಡು ಕೊಡಲು ನಾನು ಸಿದ್ಧಳಿದ್ದೆ. ಎರಡನೆಯದಕ್ಕೆ ಲೆಕ್ಕ ಹಾಕಿಯೇ ಕೊಡಬೇಕು ಅನ್ನಿಸಿತು.

ಲೆಕ್ಕ ಸರಳ. ಬೆಲೆಯ ವ್ಯತ್ಯಾಸವನ್ನು, ವರ್ಷಕ್ಕೆ ಉಳಿಯುವ ಯೂನಿಟ್‌ಗಳ ಬೆಲೆಯಿಂದ ಭಾಗಿಸುವುದು. ಎಷ್ಟು ವರ್ಷದಲ್ಲಿ ದುಡ್ಡು ವಾಪಸ್ ಬರುತ್ತದೆ ಅಂತ ಗೊತ್ತಾಗುತ್ತದೆ. ವಾರಕ್ಕೆ ಮೂರು ಸಲ ಅಂದರೆ ವರ್ಷಕ್ಕೆ 156, ಲೇಬಲ್‌ನ 160ಕ್ಕೆ ಹತ್ತಿರ. ಆದರೆ ನಾವು ಬಿಸಿಲಿದ್ದಾಗ ಹೊರಗೇ ಹಾಕುವವರು, ಹಾಗಾಗಿ ನಮ್ಮದು ವರ್ಷಕ್ಕೆ 80 ಆಗಬಹುದು ಅಷ್ಟೇ. ಆ ಲೆಕ್ಕದಲ್ಲಿ ಹೀಟ್ ಪಂಪ್‌ನ ಹೆಚ್ಚಿನ ಬೆಲೆ ಕೆಲವೇ ವರ್ಷಗಳಲ್ಲಿ ತೀರುತ್ತಿತ್ತು. ಅತಿ ಮೇಲಿನ ದರ್ಜೆಗೆ ಕೊಡಬೇಕಾದ ಹೆಚ್ಚಿನ ದುಡ್ಡು ಯಂತ್ರದ ಆಯುಸ್ಸಿನೊಳಗೆ ತೀರುವುದೇ ಅನುಮಾನವಾಗಿತ್ತು. ದಿನವೂ ಒಣಗಿಸುವ ದೊಡ್ಡ ಸಂಸಾರವಾದರೆ ಉತ್ತರ ಬೇರೆ ಬರುತ್ತದೆ.

ಲೇಬಲ್‌ನಲ್ಲಿ ಇನ್ನೊಂದು ಸಣ್ಣ ಅಕ್ಷರ ಇದೆ. ಬಹಳ ಜನ ಅದನ್ನು ನೋಡುವುದೇ ಇಲ್ಲ. ಬಟ್ಟೆಯಿಂದ ಹೊರಬಂದ ನೀರಿನಲ್ಲಿ ಎಷ್ಟು ಪಾಲು ತೊಟ್ಟಿಗೆ ಇಳಿಯುತ್ತದೆ, ಎಷ್ಟು ಪಾಲು ಕೋಣೆಯ ಗಾಳಿಗೆ ತಪ್ಪಿಸಿಕೊಳ್ಳುತ್ತದೆ ಅನ್ನುವ ದರ್ಜೆ ಅದು. ಹಳೆಯ ಲೇಬಲ್‌ನಲ್ಲಿ ಎ ಅಂದರೆ 90 ಶೇಕಡಕ್ಕಿಂತ ಜಾಸ್ತಿ, ಬಿ ಅಂದರೆ 80ರಿಂದ 90, ಸಿ ಅಂದರೆ 70ರಿಂದ 80. ಉಳಿದವರಿಗೆ ಇದು ಸಣ್ಣ ವಿಷಯ ಇರಬಹುದು. ಬೂಷ್ಟಿನ ಕಾರಣಕ್ಕೇ ಡ್ರೈಯರ್ ಹುಡುಕುತ್ತಿದ್ದ ನನಗೆ ಇದು ಮೊದಲ ಸಾಲಿನ ವಿಷಯ. ಸಿ ದರ್ಜೆಯ ಒಂದು ಅಗ್ಗದ ಯಂತ್ರವನ್ನು ಇದೊಂದೇ ಕಾರಣಕ್ಕೆ ಕೈಬಿಟ್ಟೆ.

ಈ ನಡುವೆ ಇನ್ನೊಂದು ದೊಡ್ಡ ಪಾಠವಾಯಿತು, ಅದೂ ತಕ್ಕಡಿಯಿಂದಲೇ. ನಮ್ಮ ವಾಷಿಂಗ್ ಮಷಿನ್‌ನ ಸ್ಪಿನ್, ಅಂದರೆ ಬಟ್ಟೆ ಹಿಂಡಲು ಡ್ರಮ್ ಸುತ್ತುವ ವೇಗ, ಯಾವಾಗಲೂ ನಿಮಿಷಕ್ಕೆ 800 ಸುತ್ತಿನಲ್ಲಿ ಇರುತ್ತಿತ್ತು. ಬಟ್ಟೆ ಸುಕ್ಕಾಗಬಾರದು ಅಂತ ಯಾವತ್ತೋ ಇಟ್ಟದ್ದು, ಮತ್ತೆ ಯಾರೂ ಮುಟ್ಟಿರಲಿಲ್ಲ. ಒಂದು ದಿನ ಅದೇ 5 ಕಿಲೋ ಬಟ್ಟೆಯನ್ನು 1400ರಲ್ಲಿ ಹಿಂಡಿಸಿ ತೂಗಿದೆ. 7.6 ಕಿಲೋ. 3.4 ಕಿಲೋ ಇದ್ದ ನೀರು 2.6 ಕಿಲೋಗೆ ಇಳಿದಿತ್ತು. 800 ಗ್ರಾಂ ನೀರು ಶಾಖವೇ ಇಲ್ಲದೆ ಹೋಗಿತ್ತು! ಅಕ್ಕನ ಡ್ರೈಯರ್ ಅಷ್ಟು ನೀರಿಗೆ ಮುಕ್ಕಾಲು ಯೂನಿಟ್ ತಿನ್ನುತ್ತಿತ್ತು. ಸ್ಪಿನ್ ನಡೆದ ಹತ್ತು ನಿಮಿಷಕ್ಕೆ ಮೀಟರ್ ಏರಿದ್ದು 0.1 ಯೂನಿಟ್‌ಗಿಂತ ಕಡಿಮೆ.

ವೇಗ ಒಂದೂಮುಕ್ಕಾಲು ಪಟ್ಟಾದರೆ ಬಟ್ಟೆಯಿಂದ ನೀರನ್ನು ಹೊರಗೆ ತಳ್ಳುವ ಬಲ ಮೂರು ಪಟ್ಟಾಗುತ್ತದೆ. ಯುರೋಪಿನ ವಾಷಿಂಗ್ ಮಷಿನ್ ಲೇಬಲ್‌ನಲ್ಲಿ ಹಿಂಡುವುದಕ್ಕೂ ಒಂದು ದರ್ಜೆ ಇದೆ ಅಂತ ಆಗಲೇ ನನಗೆ ತಿಳಿದದ್ದು. ಎ ದರ್ಜೆಯಲ್ಲಿ ಒಣ ಬಟ್ಟೆಯ ತೂಕದ 45 ಶೇಕಡಕ್ಕಿಂತ ಕಡಿಮೆ ನೀರು ಉಳಿಯುತ್ತದೆ, ಬಿ ಆದರೆ 54ರ ಒಳಗೆ, ಸಿ ಆದರೆ 63ರ ಒಳಗೆ. ಡ್ರೈಯರ್ ಕೊಳ್ಳುವ ಯೋಚನೆ ಇರುವವರಿಗೆ ನನ್ನ ಮೊದಲ ಮಾತು ಇದೇ: ಇವತ್ತು ಸಂಜೆ ನಿಮ್ಮ ಸ್ಪಿನ್ ಎಷ್ಟರಲ್ಲಿದೆ ಅಂತ ನೋಡಿ. ಉಣ್ಣೆ, ರೇಷ್ಮೆ, ತೆಳು ಬಟ್ಟೆ ಬಿಟ್ಟು ಉಳಿದದ್ದನ್ನು ಏರಿಸಿ. ಸುಕ್ಕಿನ ಭಯ ಇದ್ದರೆ ತೆಗೆದ ಕೂಡಲೇ ಒಂದೊಂದನ್ನೂ ಜಾಡಿಸಿ. ಡ್ರೈಯರ್ ಬಾರದಿದ್ದರೂ ಸ್ಟ್ಯಾಂಡ್‌ನಲ್ಲಿ ಬಟ್ಟೆ ಬೇಗ ಒಣಗುತ್ತದೆ.

ನಿಜ ಹೇಳಬೇಕೆಂದರೆ, ಈ ಒಂದು ಬದಲಾವಣೆ ಆದ ಮೇಲೆ ಡ್ರೈಯರ್ ಬೇಕೇ ಅಂತಲೂ ಮತ್ತೆ ಯೋಚಿಸಿದೆ. ಗಾಳಿಯಿಂದ ತೇವ ಹೀರುವ ಡಿಹ್ಯುಮಿಡಿಫೈಯರ್ ಯಂತ್ರವನ್ನೂ ಪರಿಗಣಿಸಿದೆ. ಒಂದು ಚಿಕ್ಕ ಕೋಣೆ ಖಾಲಿ ಇದ್ದು, ಬಾಗಿಲು ಹಾಕಿ ರಾತ್ರಿಯಿಡೀ ಬಟ್ಟೆ ಒಣಗಿಸುವ ಅನುಕೂಲ ಇದ್ದವರಿಗೆ ಅದು ಒಳ್ಳೆಯ ದಾರಿ. ನಮಗೆ ಆ ಕೋಣೆ ಅಮ್ಮನದು. ರಾತ್ರಿ ಅಲ್ಲಿ ಯಂತ್ರದ ಸದ್ದು ಬೇಡವಾಗಿತ್ತು. ಒಗೆದು ಒಣಗಿಸುವ ಎರಡೂ ಕೆಲಸದ ಒಂದೇ ಯಂತ್ರವನ್ನು ಬೇಗ ಪಕ್ಕಕ್ಕಿಟ್ಟೆ. ಒಗೆಯುವಷ್ಟು ಬಟ್ಟೆಯನ್ನು ಅದು ಒಂದೇ ಸಲಕ್ಕೆ ಒಣಗಿಸುವುದಿಲ್ಲ, ಅರ್ಧ ತೆಗೆದಿಟ್ಟು ಎರಡು ಸಲ ಒಣಗಿಸಬೇಕು.

ಎಷ್ಟು ಕಿಲೋದ್ದು ತರುವುದು? ದೊಡ್ಡದು ತಂದರೆ ಒಳ್ಳೆಯದು ಅಂತ ಎಲ್ಲರೂ ಹೇಳಿದರು. ನನ್ನ ತಕ್ಕಡಿ ಬೇರೆ ಹೇಳಿತು. ಒಂದು ತಿಂಗಳು ಪ್ರತಿ ಸಲದ ಬಟ್ಟೆಯನ್ನು ತೂಗಿ ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೆದಿಟ್ಟಿದ್ದೆ. 4ರಿಂದ 5.5 ಕಿಲೋ ಒಳಗೇ ಇತ್ತು. 9 ಕಿಲೋ ಡ್ರಮ್‌ನಲ್ಲಿ ನಾವು ಯಾವತ್ತೂ ಅರ್ಧ ಖಾಲಿ ಸುತ್ತಿಸುತ್ತಿದ್ದೆವು. ಬಟ್ಟೆ ಕಡಿಮೆಯಾದರೂ ಡ್ರಮ್, ಗಾಳಿ, ಸುರುಳಿ ಎಲ್ಲ ಬಿಸಿಯಾಗಲೇಬೇಕು. ಕೊನೆಗೆ 7 ಕಿಲೋದ್ದು ಆರಿಸಿದೆ. ತುಂಬ ತುರುಕಿದರೂ ಕಷ್ಟ. ಬಟ್ಟೆಗಳ ನಡುವೆ ಗಾಳಿ ಆಡಬೇಕು.

ಸೆನ್ಸರ್ ಇರಲೇಬೇಕು ಅಂತ ಹಟ ಹಿಡಿದಿದ್ದೆ. ಡ್ರಮ್‌ನ ಬಾಯಿಯ ಹತ್ತಿರ ಎರಡು ಲೋಹದ ಪಟ್ಟಿಗಳಿರುತ್ತವೆ. ಒದ್ದೆ ಬಟ್ಟೆ ತಾಗಿದಾಗ ಅವುಗಳ ನಡುವೆ ಸಣ್ಣ ಕರೆಂಟ್ ಹರಿಯುತ್ತದೆ, ಒಣಗಿದ್ದು ತಾಗಿದರೆ ಹರಿಯುವುದಿಲ್ಲ. ಅದನ್ನು ನೋಡಿ ಯಂತ್ರ ತಾನೇ ನಿಲ್ಲುತ್ತದೆ. ಬರೀ ಟೈಮರ್ ಇದ್ದರೆ ನಾವು ಯಾವಾಗಲೂ ಅರ್ಧ ಗಂಟೆ ಜಾಸ್ತಿಯೇ ಇಡುತ್ತೇವೆ. ಒಣಗಿದ ಬಟ್ಟೆಯನ್ನು ಮತ್ತೆ ಒಣಗಿಸುವುದು ಕರೆಂಟಿಗೂ ದಂಡ, ಬಟ್ಟೆಗೂ ದಂಡ.

ಕೊನೆಯದಾಗಿ ಒಳಗಿನ ಅನಿಲ. ಕೆಲವು ಯಂತ್ರಗಳಲ್ಲಿ ಆರ್134ಎ ಇರುತ್ತದೆ, ಕೆಲವದರಲ್ಲಿ ಆರ್290. ಎರಡನೆಯದು ಪ್ರೊಪೇನ್. ಆರ್134ಎ ಸೋರಿದರೆ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ನೂರು ವರ್ಷದಲ್ಲಿ 1,430 ಪಟ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಪ್ರೊಪೇನ್‌ಗೆ ಆ ಅಂಕಿ ಸುಮಾರು 3. ಪ್ರೊಪೇನ್ ಹೊತ್ತಿಕೊಳ್ಳುವ ಅನಿಲ ನಿಜ, ಆದರೆ ಮುಚ್ಚಿದ ಸುರುಳಿಯೊಳಗೆ ಇರುವುದು ನೂರೈವತ್ತು ಗ್ರಾಂ ಆಸುಪಾಸು ಮಾತ್ರ. ಕರೆಂಟ್ ಉಳಿಸಲು ಹೊರಟು ಇನ್ನೊಂದು ಕಡೆ ಹಾನಿ ಮಾಡುವುದು ನನಗೆ ಬೇಡವಾಗಿತ್ತು. ಆರ್290 ಇದ್ದದ್ದನ್ನೇ ತಂದೆವು. ಅದರ ಹೆಸರು ಹಿಂಬದಿಯ ಸಣ್ಣ ಫಲಕದಲ್ಲಿ ಬರೆದಿರುತ್ತದೆ.

ಯಂತ್ರ ಮನೆಗೆ ಬಂದಾಗ ಮಲಗಿಸಿಕೊಂಡು ತಂದಿದ್ದರು. ಕಂಪ್ರೆಸರ್‌ನ ಎಣ್ಣೆ ಸುರುಳಿಗಳಿಗೆ ಹರಿದಿರುತ್ತದೆ, ಅದು ವಾಪಸ್ ಇಳಿಯುವ ತನಕ ಹಾಕಬಾರದು. ನೆಟ್ಟಗೆ ನಿಲ್ಲಿಸಿ ಒಂದು ದಿನ ಪೂರ್ತಿ ಬಿಟ್ಟೆವು. ಎಲ್ಲರಿಗೂ ಆತುರ, ಆದರೂ ಬಿಟ್ಟೆವು.

ಮೊದಲು ಅದನ್ನು ಇಟ್ಟದ್ದು ಹಿಂದಿನ ಸಣ್ಣ ಸಾಮಾನು ಕೋಣೆಯಲ್ಲಿ. ಅದು ತಪ್ಪಾಯಿತು. ಬಾಗಿಲು ಮುಚ್ಚಿದ ಚಿಕ್ಕ ಜಾಗದಲ್ಲಿ ಯಂತ್ರದ ಶಾಖ ಸೇರುತ್ತಾ ಹೋಗುತ್ತದೆ. ಚಳಿಯ ರಾತ್ರಿಗಳಲ್ಲಿ ಅದೇ ಕೋಣೆ ತುಂಬಾ ತಣ್ಣಗಿರುತ್ತದೆ, ಆಗ ಒಣಗಲು ನಾಲ್ಕು ಗಂಟೆ ಹಿಡಿಯಿತು. ಕೈಪಿಡಿಯಲ್ಲಿ 5ರಿಂದ 35 ಡಿಗ್ರಿಯ ಒಳಗೆ ಬಳಸಿ ಅಂತ ಇತ್ತು. ಮೂರನೇ ವಾರ ಅದನ್ನು ಬಚ್ಚಲಿನ ಹೊರಗಿನ ಓಣಿಗೆ ತಂದೆವು. ಅಲ್ಲಿ ಗಾಳಿ ಆಡುತ್ತದೆ, ನೇರ ಗೋಡೆಯ ಪ್ಲಗ್ ಇದೆ. ಡ್ರೈಯರ್‌ಗೆ ಎಕ್ಸ್‌ಟೆನ್ಶನ್ ವೈರ್ ಬಳಸಬೇಡಿ, ದಯವಿಟ್ಟು.

ಅಲ್ಲಿಂದ ಮೊದಲ ಸರಿಯಾದ ಲೆಕ್ಕ ಸಿಕ್ಕಿತು. ಅದೇ 5 ಕಿಲೋ ಬಟ್ಟೆ, 1400ರಲ್ಲಿ ಹಿಂಡಿದ್ದು, ನೀರು 2.6 ಕಿಲೋ. ಒಣಗಲು 2 ಗಂಟೆ 5 ನಿಮಿಷ. ಮೀಟರ್‌ನಲ್ಲಿ 0.95 ಯೂನಿಟ್. ಅಕ್ಕನ ಮನೆಯಲ್ಲಿ ಅದೇ ಬಟ್ಟೆಗೆ, 3.4 ಕಿಲೋ ನೀರಿದ್ದಾಗ, 3.3 ಇತ್ತು. ಫೋನ್ ಮಾಡಿ ಅಕ್ಕನಿಗೆ ಹೇಳಿದೆ. ಒಂದು ಕ್ಷಣ ಮಾತಿಲ್ಲ. ಆಮೇಲೆ, "ಮೊದಲು ಸ್ಪಿನ್ ಹೆಚ್ಚಿಸುತ್ತೀನಿ ಬಿಡು, ಇದು ಕೆಟ್ಟ ಮೇಲೆ ಹೊಸದು" ಅಂದಳು. ಅದು ಸರಿಯಾದ ಯೋಚನೆಯೇ. ಕೆಲಸ ಮಾಡುವ ಯಂತ್ರವನ್ನು ಎಸೆಯುವ ಅಗತ್ಯವಿಲ್ಲ.

ಹೊತ್ತು ಜಾಸ್ತಿ ಹಿಡಿಯುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ಹೀಟರ್ ಇರುವ ಡ್ರೈಯರ್ ಇನ್ನೂ ಬಿಸಿ ಗಾಳಿ ಬಿಡುತ್ತದೆ, ಬೇಗ ಮುಗಿಸುತ್ತದೆ. ಇದು 50, 60 ಡಿಗ್ರಿಯಲ್ಲಿ ನಿಧಾನ ಒಣಗಿಸುತ್ತದೆ. ಬಟ್ಟೆ ತೆಗೆದಾಗ ಕೈಗೆ ಬರೀ ಬೆಚ್ಚಗೆ ಅನ್ನಿಸುತ್ತದೆ. ಮೊದಮೊದಲು ಒಣಗಿಲ್ಲವೇನೋ ಅನ್ನಿಸುತ್ತಿತ್ತು. ಬಟ್ಟೆಗೆ ಈ ಮೃದು ಶಾಖವೇ ಒಳ್ಳೆಯದು.

ಬಳಸುತ್ತಾ ಕೆಲವು ರೂಢಿಗಳಾದವು. ಜೀನ್ಸ್, ದಪ್ಪ ಟವೆಲ್ ಒಂದು ಸಲ, ತೆಳು ಅಂಗಿಗಳು ಇನ್ನೊಂದು ಸಲ. ಬೆರೆಸಿದರೆ ಅಂಗಿ ಒಣಗಿ ಸೆನ್ಸರ್ ನಿಲ್ಲಿಸುತ್ತದೆ, ಜೀನ್ಸ್‌ನ ಸೊಂಟದ ಪಟ್ಟಿ ಒದ್ದೆಯೇ ಇರುತ್ತದೆ. ಇಸ್ತ್ರಿ ಮಾಡುವ ಬಟ್ಟೆಯನ್ನು ಸ್ವಲ್ಪ ತೇವ ಇರುವಾಗಲೇ ನಿಲ್ಲಿಸುವ ಗುಂಡಿ ಇದೆ, ಅದನ್ನೇ ಒತ್ತುತ್ತೇನೆ. ಅರ್ಧ ಬಟ್ಟೆ ಹಾಕಿ ನೋಡಿದ ದಿನ 0.6 ಯೂನಿಟ್ ಬಂತು, 0.95ರ ಅರ್ಧ ಅಲ್ಲ. ಹಾಗಾಗಿ ತುಂಬುವ ತನಕ ಕಾಯುತ್ತೇವೆ.

ಏಳನೇ ತಿಂಗಳಲ್ಲಿ ಒಂದು ತೊಂದರೆ ಕಾಣಿಸಿತು. ಎರಡು ಗಂಟೆಯ ಕೆಲಸ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಹೋಯಿತು. ಮೀಟರ್ 1.3 ತೋರಿಸಿತು. ಯಂತ್ರ ಕೆಟ್ಟಿತು ಅಂತಲೇ ಹೆದರಿದೆ. ಬಾಗಿಲಲ್ಲಿರುವ ಫಿಲ್ಟರ್‌ನ ಜುಂಗನ್ನು ಪ್ರತಿ ಸಲವೂ ತೆಗೆಯುತ್ತಿದ್ದೆ. ಆದರೆ ಕೆಳಗೆ, ಮುಚ್ಚಳದ ಹಿಂದೆ, ಸ್ಪಂಜಿನ ಇನ್ನೊಂದು ಫಿಲ್ಟರ್ ಇದೆ. ಅದನ್ನು ತೆರೆದರೆ ಬೂದು ಬಣ್ಣದ ಪದರ ಕಂಬಳಿಯಂತೆ ಕೂತಿತ್ತು. ಅದರ ಹಿಂದಿನ ತಣ್ಣನೆಯ ಸುರುಳಿಯ ತಗಡುಗಳ ನಡುವೆಯೂ ಜುಂಗು. ಗಾಳಿ ಹೋಗಲು ದಾರಿಯೇ ಇರಲಿಲ್ಲ. ಸ್ಪಂಜನ್ನು ತೊಳೆದು ಒಣಗಿಸಿದೆ. ತಗಡುಗಳನ್ನು ಮೆತ್ತನೆಯ ಬ್ರಷ್‌ನಿಂದ ಮೇಲಿಂದ ಕೆಳಗೆ ಮಾತ್ರ ಎಳೆದು ಸ್ವಚ್ಛ ಮಾಡಿದೆ, ಅಡ್ಡ ಎಳೆದರೆ ಅವು ಬಾಗುತ್ತವೆ. ಸೆನ್ಸರ್ ಪಟ್ಟಿಗಳನ್ನು ವಿನಿಗರ್ ಹಚ್ಚಿದ ಬಟ್ಟೆಯಿಂದ ಒರೆಸಿದೆ, ಅವುಗಳ ಮೇಲೂ ತೆಳು ಪೊರೆ ಕೂತಿತ್ತು. ಮರುದಿನ 2 ಗಂಟೆ 10 ನಿಮಿಷ, 0.97 ಯೂನಿಟ್. ಈಗ ಪ್ರತಿ ತಿಂಗಳ ಮೊದಲ ಭಾನುವಾರ ಆ ಮುಚ್ಚಳ ತೆರೆಯುತ್ತೇನೆ.

ತಾನೇ ತೊಳೆದುಕೊಳ್ಳುವ ಸುರುಳಿ ಇರುವ ಯಂತ್ರಗಳೂ ಇವೆ. ಇಳಿದ ನೀರನ್ನೇ ಸುರುಳಿಯ ಮೇಲೆ ಚಿಮ್ಮಿಸಿ ಜುಂಗು ತೆಗೆಯುತ್ತವೆ. ಕೆಲಸ ಕಡಿಮೆ ಅನ್ನುವುದು ನಿಜ. ಆದರೆ ಅಂಥ ಹಲವು ಯಂತ್ರಗಳಲ್ಲಿ ಸುರುಳಿಗೆ ಕೈ ಎಟುಕುವುದಿಲ್ಲ. ಜುಂಗು ಕಟ್ಟಿಕೊಂಡರೆ ಮೆಕ್ಯಾನಿಕ್ ಬಂದು ಬಿಚ್ಚಬೇಕು. ಹಾಗಾಗಿ ಕೈ ಹಾಕಿ ಸ್ವಚ್ಛ ಮಾಡಬಹುದಾದದ್ದನ್ನು ಆರಿಸಿದ್ದು ಒಳ್ಳೆಯದಾಯಿತು ಅಂತ ಆ ದಿನ ನನಗೆ ಗಟ್ಟಿಯಾಯಿತು.

ನೀರಿನ ತೊಟ್ಟಿಯನ್ನೂ ತೂಗಿದ್ದೇನೆ. 2.6 ಕಿಲೋ ನೀರಿನ ಬಟ್ಟೆ ಹಾಕಿದರೆ ತೊಟ್ಟಿಗೆ 2.3 ಕಿಲೋ ಬರುತ್ತದೆ. ನಮ್ಮ ಯಂತ್ರ ಆ ವಿಷಯದಲ್ಲಿ ಬಿ ದರ್ಜೆಯದು, ಅದಕ್ಕೆ ಸರಿಯಾಗಿಯೇ ಇದೆ. ಉಳಿದ 300 ಗ್ರಾಂ ಓಣಿಯ ಗಾಳಿಗೆ ಹೋಗುತ್ತದೆ. ಹತ್ತಿರದ ಕಿಟಕಿ ಸ್ವಲ್ಪ ತೆರೆದಿಟ್ಟರೆ ಅದೂ ಹೊರಗೆ. ನೇರ ಚರಂಡಿಗೆ ಪೈಪ್ ಜೋಡಿಸುವ ಅನುಕೂಲ ಇತ್ತು, ತೊಟ್ಟಿ ಖಾಲಿ ಮಾಡುವ ಕೆಲಸವೇ ಇರುತ್ತಿರಲಿಲ್ಲ. ಅಮ್ಮ ಬೇಡ ಅಂದರು.

ಅವರ ಕೋಣೆಯ ಮೂಲೆಯನ್ನು ಉಜ್ಜಿ, ಒಣಗಿಸಿ, ಬಣ್ಣ ಹೊಡೆಸಿ ಈಗ ವರ್ಷ ದಾಟಿದೆ. ಗೋಡೆ ಬೆಳ್ಳಗೇ ಇದೆ. ಸ್ಟ್ಯಾಂಡ್ ಮಡಚಿ ಮಂಚದ ಕೆಳಗೆ ಸೇರಿದೆ, ಬಿಸಿಲಿನ ದಿನ ಮಾತ್ರ ಹೊರಗೆ ಹೋಗುತ್ತದೆ. ಮಳೆಯ ದಿನ ಯಂತ್ರ ನಿಂತ ಸದ್ದು ಕೇಳಿದರೆ ಅಮ್ಮ ತಾವೇ ಎದ್ದು ಬರುತ್ತಾರೆ. ತೊಟ್ಟಿ ಎಳೆದು ಕೊಕ್ಕೆ ತಕ್ಕಡಿಗೆ ಸಿಕ್ಕಿಸಿ ಎತ್ತಿ ಹಿಡಿಯುತ್ತಾರೆ. ಕನ್ನಡಕ ಇರುವುದಿಲ್ಲ, ಅಂಕಿ ಕಾಣುವುದಿಲ್ಲ.

"ಎಷ್ಟು ಬಂತು ನೋಡು ಮಗಾ" ಅಂತ ಕೇಳುತ್ತಾರೆ.

ನಾನು ಓದಿ ಹೇಳುತ್ತೇನೆ. ತೊಟ್ಟಿಯ ತೂಕ ಕಳೆದು, ಎರಡು ಕಿಲೋ ಮುನ್ನೂರು.